ಕ್ರೋಟನ್ ಕುಂಡದ ಕೆಳಗಿನ ಕಲ್ಲು

ಒಂದು ಮಗುವನ್ನು ಒಂದು ಹಗಲು ನೋಡಿಕೊಳ್ಳುವುದು ಎಷ್ಟರ ಕೆಲಸ? ಕಾನ್ವೆಂಟಿನಲ್ಲಿ ಓದಿದವಳು, ಶಿಸ್ತು ಕಲಿತವಳು, ಹಾರ್ಮೋನಿಯಂ ಬೇರೆ ಬಾರಿಸಬಲ್ಲವಳು ನಾನು. ನನಗದು ಲೆಕ್ಕಕ್ಕೇ ಇಲ್ಲ ಎಂದುಕೊಂಡಿದ್ದೆ.

ನನ್ನವರಿಗೆ ಕಾಲುವೆ ಕಚೇರಿಯಲ್ಲಿ ಕೆಲಸವಾಗಿ ನಾವು ಮಂಡ್ಯಕ್ಕೆ ಬಂದ ಹೊಸತು. ಹಿತ್ತಲಿನ ಬೇಲಿಯಾಚೆ ನಿಂಗಮ್ಮನ ಮನೆ. ಅವಳ ಮಗಳು ಕೆಂಪಿಗೆ ಎಂಟು ತುಂಬಿದರೂ ಮಾತು ಬಂದಿರಲಿಲ್ಲ. ಗದ್ದಲವಾದರೆ ಕಿವಿ ಮುಚ್ಚಿ ಚೀರುತ್ತಿದ್ದಳು. ಸ್ಕೂಲಿನವರು ಸೇರಿಸಿಕೊಳ್ಳಲಿಲ್ಲ, ನೆಂಟರು ಕರೆಯುವುದನ್ನೇ ಬಿಟ್ಟಿದ್ದರು. ಈಗ ಮಳವಳ್ಳಿಯಲ್ಲಿ ನಿಂಗಮ್ಮನ ತಂಗಿಯ ಮದುವೆ. ಓಲಗದ ಸದ್ದಿಗೆ ಮಗುವನ್ನು ಒಯ್ಯುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ಅವಳು ಒಳ್ಳೆಯ ಸೀರೆಯನ್ನು ತೆಗೆದು, ಸವರಿ, ಮತ್ತೆ ಪೆಟ್ಟಿಗೆಯಲ್ಲಿಟ್ಟದ್ದು ನನ್ನ ಕಣ್ಣಿಗೆ ಬಿತ್ತು. ತಡೆಯಲಾಗಲಿಲ್ಲ.

“ನನ್ನ ಹತ್ತಿರ ಬಿಟ್ಟು ಹೋಗು. ಧಾರೆ ಮುಗಿಸಿಕೊಂಡು ಸಂಜೆ ಬಸ್ಸಿಗೆ ಬಾ.”

ಮದುವೆಯ ದಿನ ಬೆಳಿಗ್ಗೆ ಮಗಳನ್ನು ಕರೆತಂದಳು.

“ಅಮ್ಮೋರೆ, ಇವ್ಳು ಅತ್ರೆ...”

“ನನಗೆಲ್ಲ ಗೊತ್ತು.”

“ಅಂಗಲ್ಲ ಕಣ್ರಮ್ಮ, ಅತ್ರೆ ನೀವು...”

“ಬಸ್ಸು ಹೋಗಿಬಿಡುತ್ತೆ, ನಡಿ!”

ನಡೆದಳು.

ಶಿಕ್ಷಣವು ವಿಧಿವತ್ತಾಗಿ ಆರಂಭವಾಗಬೇಕಷ್ಟೆ? ದೇವರ ಗಂಟೆ ಬಾರಿಸಿದೆ. ಕೆಂಪಿ ಮಂಚದ ಕೆಳಗೆ ಸೇರಿದಳು. ಸಮಾಧಾನಕ್ಕೆಂದು ಹಾರ್ಮೋನಿಯಂ ನುಡಿಸಿದೆ. ಮಂಚದಡಿಯಿಂದ ಎದ್ದ ಚೀರಾಟಕ್ಕೆ ಗೋಡೆಯ ಹಲ್ಲಿ ಕೆಳಗೆ ಬಿತ್ತು! ಕೊನೆಗೆ ಗೊಂಬೆ ಹಿಡಿದು ನಾನೇ ಒಳಗೆ ನುಸುಳಿದೆ. ನುಸುಳಿದ್ದು ಸುಲಭ. ಹೊರಬರುವಾಗ ಸೆರಗು ಮಂಚದ ಮೊಳೆಗೆ ಸಿಕ್ಕಿಕೊಂಡಿತು.

ಊಟಕ್ಕೆ ಬಂದ ಯಜಮಾನರಿಗೆ ಕಂಡದ್ದು ಹೆಂಡತಿಯ ಪಾದಗಳು.

“ಅಡಿಗೆ?”

“ಆಗಿಲ್ಲ.”

“ಮಗು?”

“ಇಲ್ಲೇ ಇದೆ.”

“ಮಳವಳ್ಳಿಗೆ ಹೇಳಿಕಳಿಸಲೇನೇ?”

“ಬೇಡ! ಎಷ್ಟು ವರ್ಷಕ್ಕೆ ತವರಿಗೆ ಹೋಗಿದ್ದಾಳೆ! ಸೆರಗು ಬಿಡಿಸಿ.”

ಅಷ್ಟರಲ್ಲಿ ಪಕ್ಕದ ಮನೆಯ ಸಾಕಮ್ಮ ರಾಗಿ ಬೀಸುವ ಸದ್ದು ಕೇಳಿಸಿತು. ಬೀದಿಯ ರಾಗಿಯನ್ನೆಲ್ಲ ಕೂಲಿಗೆ ಬೀಸುವವಳು ಅವಳು. ಕೆಂಪಿಯ ಅಳು ಥಟ್ಟನೆ ನಿಂತಿತು. ಹೊರಬಂದಳು, ನೇರ ಹಿತ್ತಲಿಗೆ ನಡೆದಳು, ನನ್ನ ಕ್ರೋಟನ್ ಕುಂಡವನ್ನು ಎರಡು ಕೈಯಲ್ಲೂ ತಳ್ಳಿದಳು. ಢಬ್! ಕುಂಡದ ಕೆಳಗಿದ್ದದ್ದು ಹಿಂದಿನ ಬಾಡಿಗೆಯವರು ಬಿಟ್ಟುಹೋದ ಬೀಸುವ ಕಲ್ಲು. ಅದಕ್ಕೆ ಕುಂಡ ಹೊರುವುದಕ್ಕಿಂತ ಘನವಾದ ಉಪಯೋಗ ನನಗೆ ಹೊಳೆದಿರಲಿಲ್ಲ. ಕೆಂಪಿ ನನ್ನ ಕೈಯನ್ನೆಳೆದು ಅದರ ಗೂಟದ ಮೇಲಿಟ್ಟಳು.

ಕಲ್ಲು ತೊಳೆದು ಒರೆಸಿದ್ದಾಯಿತು. ಯಜಮಾನರು ಹಸಿದ ಹೊಟ್ಟೆಯಲ್ಲೇ ಹೋಗಿ ಸಾಕಮ್ಮನಿಂದ ಒಂದು ಮೊರ ರಾಗಿ ತಂದರು. ತಿರುಗಿಸಿದೆ.

ಕೆಂಪಿ ಕಲ್ಲಿನ ಪಕ್ಕದಲ್ಲಿ ಕೆನ್ನೆಯನ್ನು ನೆಲಕ್ಕಿಟ್ಟು ಮಲಗಿದಳು. ಅಂಥದ್ದೇನು ನೋಡುತ್ತಾಳೆಂದು ನಾನೂ ಬಗ್ಗಿದೆ. ಎರಡು ಕಲ್ಲಿನ ಸಂದಿಯಿಂದ ಸುತ್ತಲೂ ತೆಳ್ಳಗೆ ಪರದೆಯಂತೆ ಇಳಿಯುವ ಹಿಟ್ಟು. ಬಿಸಿಲಲ್ಲಿ ಮೇಲೇಳುವ ಅದರ ಧೂಳು. ನೆಲದಿಂದ ಎದೆಗೆ ಹತ್ತುವ ಸಣ್ಣ ಗುಡುಗು. ಅವಳ ರೆಪ್ಪೆಗಳ ಮೇಲೂ ಹಿಟ್ಟು ಕೂತಿತ್ತು. ಕಣ್ಣು ಮಿಟುಕಿಸಲೂ ಇಲ್ಲ. ನನ್ನ ಹಿತ್ತಲಿನಲ್ಲಿ ಇಷ್ಟೆಲ್ಲ ಇತ್ತೇ!

ಬೆರಗಾಗಿ ಕೈ ನಿಲ್ಲಿಸಿದೆ. ಕೆಂಪಿ ಬಾಯಿ ತೆರೆದಳು. ತಿರುಗಿಸಿದೆ!

ಸಾಕಮ್ಮ ಬೇಲಿಯ ಬಳಿ ಬಂದು ನೋಡಿದಳು. ಒಳಗೆ ಹೋಗಿ ಮಿಕ್ಕ ರಾಗಿಯನ್ನೆಲ್ಲ ಹೊತ್ತು ತಂದಳು.

“ಎಂಗೂ ಬೀಸ್ತಾ ಇದ್ದೀರಿ, ಇದೂ ಆಗೋಗ್ಲಿ ಬುಡಿ. ನಮ್ ಕಲ್ಗೂ ವಸಿ ಸುಧಾರಿಸ್ಕಂಡಂಗಾಯ್ತದೆ.”

ಎಲೆ ಅಡಿಕೆ ಹಾಕಿಕೊಂಡು ಎದುರಿಗೇ ಕೂತಳು. ನನ್ನ ಅಂಗೈ ಬೊಬ್ಬೆ ಎದ್ದು ಒಡೆಯಿತು, ರಟ್ಟೆ ಸತ್ತೇಹೋಯಿತು. ನಿಂಗಮ್ಮ ಈ ಮಗುವನ್ನು ದಿನವೂ ಸಂಭಾಳಿಸುತ್ತಾಳೆ. ಮೇಲೆ ಅಡಿಗೆ, ಗದ್ದೆ ಕೆಲಸ, ನೆಂಟರ ಮಾತು. ಅವಳು ಒಂದು ದಿನವೂ ಮಗಳ ಮೇಲೆ ಸಿಡುಕಿದ ದನಿ ಬೇಲಿಯೀಚೆಗೆ ಕೇಳಿದ್ದಿಲ್ಲ. ಯಾವ ಕಾನ್ವೆಂಟಿನಲ್ಲಿ ಓದಿದಳೋ!

ಸಂಜೆ ಬಂದಳು. ಮುಡಿಯಲ್ಲಿ ಮಲ್ಲಿಗೆ, ಹತ್ತು ವರ್ಷ ಚಿಕ್ಕವಳಾದಂಥ ಮುಖ. ಕೆಂಪಿ ಓಡಿಹೋಗಿ ಹಿಟ್ಟಿನ ಕೆನ್ನೆಯನ್ನು ಅವಳ ಒಳ್ಳೆಯ ಸೀರೆಗೆ ಒತ್ತಿದಳು. ನಿಂಗಮ್ಮ ಹಿಟ್ಟಿನ ರಾಶಿ ನೋಡಿದಳು, ನನ್ನ ಅಂಗೈ ನೋಡಿದಳು.

“ಅಯ್ಯೋ ಅಮ್ಮೋರೆ, ಇಷ್ಟೂ ನೀವೇ ಬೀಸುದ್ರಾ?”

“ಮತ್ತೇನು ಮಾಡಲಿ ನಿಂಗಮ್ಮ?”

“ಅದ್ನೇ ಕಣ್ರಮ್ಮ ಒತ್ತಾರೆ ಯೋಳಾಕ್ ಬಂದಿದ್ದು! ಅತ್ರೆ ಸಾಕಮ್ಮನ ಮನೇಲಿ ಕುಂಡ್ರುಸ್ಬುಡಿ, ಅವ್ಳು ಬೀಸ್ತಾನೇ ಇರ್ತಾಳೆ ಅಂತ!”

ಈಗ ನಿಂಗಮ್ಮ ಯಾವ ಶುಭಕಾರ್ಯವನ್ನೂ ತಪ್ಪಿಸುವುದಿಲ್ಲ. ಹಾರ್ಮೋನಿಯಂ ಅಟ್ಟದ ಮೇಲಿದೆ, ಬೀಸುವ ಕಲ್ಲು ನಡುಮನೆಯಲ್ಲಿದೆ. ನನ್ನ ವಿದ್ಯೆಯ ಬಗ್ಗೆಯಂತೂ ಬೀದಿಯಲ್ಲಿ ಬಹಳ ಗೌರವ. ಸಾಕಮ್ಮನೇ ಎಲ್ಲರಿಗೂ ಹೇಳುತ್ತಾಳೆ:

“ಕಾನ್ವೆಂಟಮ್ಮೋರು ಓದವ್ರೆ ಕಣ್ರವ್ವ. ಹಿಟ್ಟು ವಸಿ ತರಿ, ಅಷ್ಟೇಯ!”