ತಲೆಕೆಳಗಾಗಿ ನೆಟ್ಟ ನಿಂಬೆಹುಲ್ಲು

ಬೆಳಿಗ್ಗೆ ಪ್ರಯೂನ್ ಓದಿದ್ದು ಒಂದೇ ಸಾಲು. "ಇಂದು ಸಂಜೆ ನಮ್ಮ ಪ್ರದೇಶದ ನೂರಕ್ಕೆ ಅರವತ್ತು ಭಾಗದಲ್ಲಿ ಗುಡುಗು ಮಳೆ." ಅದೂ ಬ್ಯಾಂಕಾಕಿನ ಹವಾಮಾನ ಕಚೇರಿಯಿಂದ ಬಂದ ಸಾಲು. ನೋಂಗ್ ಫೈ ಪುರಸಭೆಯ ಧ್ವನಿವರ್ಧಕದಲ್ಲಿ ದಿನಾ ಅದನ್ನು ಓದುವುದಷ್ಟೇ ಅವನ ಕೆಲಸ. ಆದರೆ ಊರಿನ ಜನಕ್ಕೆ ಬುದ್ಧಿ ಬೇಕಲ್ಲ! ಅವರ ಪ್ರಕಾರ ಮೋಡಕ್ಕೆ ಮೂಗುದಾರ ಹಾಕಿ ಎಳೆದು ತರುವವನು ಅವನೇ.

ಮೈಕು ಆರಿಸಿ ಹೊರಬಂದರೆ ಮೆಟ್ಟಿಲ ಮೇಲೆ ಸಂಗಾದ್ ನಿಂತಿದ್ದ. ಸಂಜೆ ಅವನ ಮಗಳ ಮದುವೆಯೂಟ. ಅವನ ಮನೆಯಂಗಳದ ತುಂಬ ದುಂಡು ಮೇಜುಗಳು, ಮೇಲೆ ಬರೀ ಆಕಾಶ.

"ಏನಯ್ಯಾ, ನನ್ ಮಗಳ ಮದುವೆ ದಿನಾನೇ ನಿಂಗೆ ಮಳೆ ಬೇಕಾಗಿತ್ತಾ?"

"ನಾನೇನು ಮೇಲೆ ಕೂತು ಹುಯ್ತೀನಾ ಅಣ್ಣ? ಬಂದಿದ್ದನ್ನ ಓದ್ದೆ."

"ನಮ್ಮನೆ ಆ ಅರವತ್ತರಲ್ಲಿದ್ಯೋ, ಉಳಿದ ನಲವತ್ತರಲ್ಲಿದ್ಯೋ? ಅದನ್ನ ಹೇಳು!"

"ಅದು ಮಳೆ ಬಿದ್ಮೇಲೆ ಗೊತ್ತಾಗುತ್ತೆ."

"ಬಿದ್ಮೇಲೆ ನಮ್ಮ ಎಮ್ಮೆಗೂ ಗೊತ್ತಾಗುತ್ತೆ! ಅದಕ್ಕೆ ನೀನ್ಯಾಕೆ?"

ಪ್ರಯೂನನ ನೆತ್ತಿ ಕಾದ ಬಾಣಲೆಯಾಯಿತು. "ಬೀಳುತ್ತೆ! ನಿಮ್ಮನೆ ಮೇಲೇ ಬೀಳುತ್ತೆ! ಏನ್ ಮಾಡ್ತೀರೋ ಮಾಡ್ಕೊಳ್ಳಿ!"

ಅಷ್ಟು ಸಾಕಾಯಿತು. ಪ್ರಯೂನ್ ಮದುವೆಮನೆಗೆ ಶಾಪ ಹಾಕಿದ ಎಂದು ಸಂತೆಯೆಲ್ಲ ಸುದ್ದಿ. ಕಾಫಿ ಅಂಗಡಿಯವನು ಲೋಟ ಕೊಡದೆ ಬೆನ್ನು ತಿರುಗಿಸಿದ. ಮೀನು ಮಾರುವವಳು ತೊಳೆದ ನೀರನ್ನು ಅವನ ಕಾಲಿಗೇ ಚೆಲ್ಲಿ, "ತಗೋ, ನಿನ್ನ ಮಳೆ!" ಅಂದಳು.

ಬೇರೆ ದಿನವಾಗಿದ್ದರೆ ಅವನೂ ನಾಲ್ಕು ಮಾತು ಬಯ್ದು ಮನೆ ಸೇರುತ್ತಿದ್ದ. ಇವತ್ತು ಹಾಗಿರಲಿಲ್ಲ. ಬೀದಿ ಮೂಲೆಯಲ್ಲಿ ನೂಡಲ್ಸ್ ಮಾರುವ ವಿಧವೆ ಲಮೈಯನ್ನು ಮದುವೆಯಾಗುತ್ತೀಯಾ ಎಂದು ಅವನು ಕೇಳಿದ್ದ. ಸಂಜೆ ಊಟದ ಹೊತ್ತಿಗೆ ಉತ್ತರ ಹೇಳುತ್ತೇನೆ ಎಂದಿದ್ದಳು. ಅವಳ ಸತ್ತ ಗಂಡ ಊರೂರಿಗೊಬ್ಬಳನ್ನು ಇಟ್ಟುಕೊಂಡಿದ್ದವನು. ಅದಕ್ಕೇ ಪ್ರಯೂನ್ ಆಣೆ ಮಾಡಿ ಹೇಳಿದ್ದ: ವಯಸ್ಸು ನಲವತ್ತೇಳಾಯಿತು, ಇವತ್ತಿನವರೆಗೆ ಒಂದು ಹೆಣ್ಣನ್ನೂ ಮುಟ್ಟಿಲ್ಲ. ಲಮೈ ಪೂರ್ತಿ ನಂಬಿರಲಿಲ್ಲ.

ಮಧ್ಯಾಹ್ನ ಸಂಗಾದ್, ಶಾಪ ಹಾಕಿದ ತಪ್ಪಿಗೆ ದುಡಿ ಎಂದು, ಅವನನ್ನು ಮದುವೆಮನೆಗೆ ಹಿಡಿದು ತಂದು ಕುರ್ಚಿ ಹೊರಿಸಿದ. ಅಷ್ಟರಲ್ಲಿ ಪಡುವಣ ದಿಕ್ಕು ಮಸಿ ಬಳಿದ ಪಾತ್ರೆಯ ತಳದಂತಾಗಿತ್ತು. ಸಂಗಾದನ ತಾಯಿ, ಊರಿಗೆಲ್ಲ ದೊಡ್ಡಮ್ಮನಾದ ಫಾನ್, ನಿಂಬೆಹುಲ್ಲಿನ ಕಂತೆ ಹಿಡಿದು ಅಂಗಳಕ್ಕಿಳಿದಳು.

"ತಲೆಕೆಳಗಾಗಿ ನೆಟ್ರೆ ಮಳೆ ನಿಲ್ಲುತ್ತೆ. ನೆಡೋರು ಮಾತ್ರ ಕನ್ಯೆ ಆಗಿರ್ಬೇಕು. ಬನ್ರೇ ಹುಡ್ಗೀರಾ!"

ಯಾರು ಬರುತ್ತಾರೆ? ನೆಟ್ಟ ಮೇಲೆ ನಾಲ್ಕು ಹನಿ ಉದುರಿದರೂ ಊರು ಬಾಯಿಗೆ ಬಂದಂತೆ ಮಾತಾಡುತ್ತದೆ. ಒಬ್ಬಳಿಗೆ ತಲೆನೋವು ಬಂತು. ಇನ್ನೊಬ್ಬಳಿಗೆ ಪರೀಕ್ಷೆ ನೆನಪಾಯಿತು. ಮೂರನೆಯವಳು ಸ್ಕೂಟರ್ ಹತ್ತಿ ಹೋದಳು.

ದೊಡ್ಡಮ್ಮನ ಕಣ್ಣು ಕುರ್ಚಿ ಹೊತ್ತವನ ಮೇಲೆ ಬಿತ್ತು. "ಇವನಿದ್ದಾನಲ್ಲ! ಇವನ ಸಿಡುಕು ಮೂತೀನ ಯಾರು ಮುಟ್ತಾರೆ?"

"ಗಂಡಸು ನೆಟ್ರೆ ಆಗುತ್ತಾ ಅಮ್ಮಾ?" ಅಂದ ಸಂಗಾದ್.

"ಹುಲ್ಲೇನು ಲುಂಗಿ ಎತ್ತಿ ನೋಡುತ್ತಾ?"

ಅಂಗಳವೆಲ್ಲ ನಕ್ಕಿತು. ಪ್ರಯೂನ್ ಕುರ್ಚಿ ಎಸೆದ. "ಥೂ, ನಿಮ್ಮ! ನಾನು ನೆಡಲ್ಲ!"

ಅಡುಗೆಗೆ ಕೈಜೋಡಿಸಲು ಬಂದಿದ್ದ ಲಮೈ ಚಾಕು ಒರೆಸುತ್ತ ಎದ್ದುನಿಂತಳು. "ನೆಡಿ. ನಂಗೆ ಹೇಳಿದ್ದು ನಿಜ ಆದ್ರೆ ಭಯ ಯಾಕೆ? ಮಳೆ ಬಿದ್ರೆ ಮಾತ್ರ ನನ್ನ ಅಂಗಡಿ ಕಡೆ ತಲೆ ಹಾಕ್ಬೇಡಿ."

ಪ್ರಯೂನ್ ಹಲ್ಲು ಕಡಿಯುತ್ತ ನೆಟ್ಟ. ಬೇರು ಮೇಲೆ, ಗರಿ ಮಣ್ಣೊಳಗೆ. ಮಳೆ ಬರುತ್ತದೆಂದು ಊರಿಗೆಲ್ಲ ಕೂಗಿದವನು ಈಗ ಬರಬೇಡ, ಬರಬೇಡ ಎಂದು ಆಕಾಶಕ್ಕೆ ಕೈಮುಗಿದು ನಿಂತ. ಬ್ಯಾಂಕಾಕಿನವರ ಬಾಯಿ ಸೇದಿಹೋಗಲಿ ಎಂದೂ ಬಯ್ದ.

ಊಟಕ್ಕೆ ಕೂರುವ ಹೊತ್ತಿಗೆ ಗುಡುಗಿತು. ಮಳೆ ಗದ್ದೆಯ ಕಡೆಯಿಂದ ಗೋಡೆಯಂತೆ ನಡೆದು ಬಂತು. ಪುರಸಭೆ ತೊಯ್ದಿತು, ಸಂತೆ ತೊಯ್ದಿತು, ಎದುರು ಮನೆಯ ನಾಯಿ ತೊಯ್ದು ಓಡಿಬಂತು. ಸಂಗಾದನ ಬೇಲಿಯವರೆಗೆ ಬಂದು, ಅಲ್ಲಿಂದಲೇ ಪಕ್ಕಕ್ಕೆ ಹೊರಳಿ ಹೊರಟುಹೋಯಿತು. ಅಂಗಳಕ್ಕೆ ಒಂದು ಹನಿಯೂ ಇಲ್ಲ.

ಪ್ರಯೂನ್ ಕುಣಿದ. "ನೋಡಿದ್ರಾ! ಅರವತ್ತು ಭಾಗ ಮಳೆ, ನಲವತ್ತು ಭಾಗ ಇಲ್ಲ! ಬೆಳಿಗ್ಗೆ ನಾನು ಹೇಳಿದ್ದೇನು?"

ಯಾರೂ ಕೇಳಲಿಲ್ಲ. ಎಲ್ಲರೂ ನಿಂಬೆಹುಲ್ಲನ್ನೇ ನೋಡುತ್ತಿದ್ದರು. ಸಂಗಾದ್ ಹಾಡುಗಾರನ ಮೈಕು ಕಿತ್ತುಕೊಂಡು, "ನಮ್ಮ ಪ್ರಯೂನ್ ಅಪ್ಪಟ ಕನ್ಯೆ!" ಎಂದು ಊರಿಗೇ ಸಾರಿದ. ಚಪ್ಪಾಳೆಯೋ ಚಪ್ಪಾಳೆ. ಪ್ರಯೂನನಿಗೆ ಅವನ ಗಂಟಲು ಹಿಸುಕಬೇಕೆನಿಸಿತು. ಆದರೆ ಲಮೈ ನಗುತ್ತ ಬರುತ್ತಿದ್ದಳು. ತಡೆದುಕೊಂಡ.

"ನಂಬಿದೆ," ಅಂದಳು. "ನಿಮ್ಮಂಥ ಗಂಡಸು ಈ ಜಿಲ್ಲೇಲೇ ಇನ್ನೊಬ್ಬ ಇಲ್ಲ."

"ಹಾಗಾದ್ರೆ ಮದುವೆ?"

"ಅಯ್ಯೋ, ಮದುವೆ ಆದ್ರೆ ಆ ಕೈಗುಣ ಉಳಿಯುತ್ತಾ? ನನ್ನ ಅಂಗಡಿಗೆ ಸೂರಿಲ್ಲ, ಮಳೆ ಬಂದಾಗೆಲ್ಲ ಒಲೆ ಆರಿ ಸಾಯ್ತೀನಿ. ನೀವು ಹೀಗೇ ಇರಿ." ಬೆನ್ನ ಹಿಂದೆ ಅಡಗಿಸಿದ್ದ ನಿಂಬೆಹುಲ್ಲಿನ ಕಂತೆಯನ್ನು ಅವನ ಕೈಗಿಟ್ಟಳು. "ದಿನಾ ಬೆಳಿಗ್ಗೆ ಬಂದು ನೆಟ್ಟು ಹೋಗಿ."

ಮರುದಿನ ಪ್ರಯೂನ್ ಮೈಕಿಗೆ ಬಾಯಿ ಹಚ್ಚಿ ಅರಚಿದ: "ಇಂದು ನೂರಕ್ಕೆ ನೂರು ಭಾಗ ಮಳೆ! ಎಲ್ಲರ ಮನೆ ಮೇಲೂ ಮಳೆ!"

ಊರಿನ ಹೆಂಗಸರು ನಗುತ್ತ ಒಗೆದ ಬಟ್ಟೆಯನ್ನೆಲ್ಲ ಹೊರಗೆ ಹರವಿದರು. ಹೆದರುವುದೇಕೆ, ಪ್ರಯೂನ್ ಇದ್ದಾನಲ್ಲ.