ಬಯಲುಸೀಮೆಯ ದೋಣಿಗಾರ

“ನೋಡ್ತಾ ಇರು ರೂಪಾ, ಈ ತಿಂಗಳ ಕೊನೆಗೆ ನಯೀಮ್ ಜಿಮ್ಮಿನ ಮುಂದೆ ನನ್ನ ಫ್ಲೆಕ್ಸ್ ಎದ್ದು ನಿಲ್ಲುತ್ತೆ! ನಿಲ್ಲಲಿಲ್ಲ ಅಂದ್ರೆ ಒಂದು ವರ್ಷ ಅಡುಗೆಮನೆ ನಂದು!”

ಈ ಭೀಷ್ಮಪ್ರತಿಜ್ಞೆಯನ್ನು ನಾನು ಮಾಡಿದ್ದು ಸೋಫಾದ ಮೇಲೆ ಮಲಗಿ, ಹೊಟ್ಟೆಯ ಮೇಲೆ ನಿಪ್ಪಟ್ಟಿನ ತಟ್ಟೆ ಇಟ್ಟುಕೊಂಡು. ನನ್ನದು ಅಂಥ ಅನುಕೂಲಸ್ಥ ಹೊಟ್ಟೆ. ನಮ್ಮ ಮನೆಗೆ ಟೀಪಾಯಿಯೇ ಬೇಕಾಗಿಲ್ಲ.

“ಗೆದ್ರೆ?” ಎಂದಳು ನನ್ನ ಹೆಂಡತಿ.

“ಗೆದ್ರೆ ನೀನು ಈ ಹೊಟ್ಟೆ ಸುದ್ದಿಗೆ ಬರಕೂಡದು. ಮನೇಲಿ ನಾನು ಒಂದು ಲೋಟನೂ ಎತ್ತಿಡಲ್ಲ!”

“ಈಗ ಭಾರಿ ಎತ್ತಿಡ್ತಾ ಇದೀರಲ್ಲ!” ಎಂದು ಅವಳು ನನ್ನ ಹೊಟ್ಟೆಯ ಮೇಲಿನ ತಟ್ಟೆಯನ್ನು ಎತ್ತಿಕೊಂಡು ಹೋದಳು.

ಸಂಗತಿ ಇಷ್ಟೇ. ಶಿಡ್ಲಘಟ್ಟದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಮಹಡಿಯ ಮೇಲೆ ನಯೀಮನ ಜಿಮ್ಮು. ಜನ ಹೊಸವರ್ಷಕ್ಕೆ ಸೇರಿ ಸಂಕ್ರಾಂತಿಗೆ ಮಾಯವಾಗುತ್ತಾರೆಂದು ಬೇಸತ್ತ ನಯೀಮ, ಸದಸ್ಯರಿಗೆಲ್ಲ ಕೈಗೊಂದು ಡಿಜಿಟಲ್ ಪಟ್ಟಿ ಕಟ್ಟಿದ. ನಾವು ಎಲ್ಲಿ ಬೆವರಿದರೂ ಅದು ಲೆಕ್ಕ ಹಾಕಿ, ಯಾವ ಕಸರತ್ತೆಂದು ತಾನೇ ಊಹಿಸಿ, ಜಾಗದ ಸಮೇತ ಆ್ಯಪಿಗೆ ಒಪ್ಪಿಸುತ್ತದೆ. ಜಿಮ್ಮಿನ ಕಿಟಕಿಯಲ್ಲಿ ರಸ್ತೆಗೆ ಮುಖ ಮಾಡಿ ದೊಡ್ಡ ಟೀವಿ ಬೇರೆ. ಯಾರು ಮೊದಲು, ಯಾರು ಕೊನೆ ಎಂದು ಇಡೀ ಊರು ಓದಬಹುದು! ತಿಂಗಳಿಗೆ ಮೊದಲು ಬಂದವರಿಗೆ ಫ್ಲೆಕ್ಸು. ಆದರೆ ಗೆದ್ದವನು ಯಾವ ಕಸರತ್ತಿನಿಂದ ಗೆದ್ದನೋ ಅದನ್ನು ದಿನವೂ ಮಾಡಬೇಕು. ಒಂದು ದಿನ ತಪ್ಪಿದರೂ ಫ್ಲೆಕ್ಸು ಇಳಿಯುತ್ತದೆ, ಎರಡನೆಯವನದು ಏರುತ್ತದೆ.

ಮೊದಲ ಸ್ಥಾನದಲ್ಲಿ ಯಾರಿದ್ದ? ಅಂಬರೀಶ! ನನ್ನ ನಾದಿನಿಯ ಗಂಡ, ಅಂದರೆ ನನ್ನ ಷಡ್ಡಕ. ಜಗತ್ತಿನಲ್ಲಿ ಯಾರ ಕೈಲಿ ಸೋತರೂ ಗಂಡಸು ನಿದ್ದೆ ಮಾಡಬಲ್ಲ, ಷಡ್ಡಕನ ಕೈಲಿ ಸೋತರೆ ಮಾಡಲಾರ. ಅದರಲ್ಲೂ ನಮ್ಮ ಮಾವ ಚೆನ್ನರಾಯಪ್ಪನವರು ಪ್ರತಿ ಹಬ್ಬದಲ್ಲೂ ಅವನ ತೋಳು ಮುಟ್ಟಿ ನೋಡಿ, ಆಮೇಲೆ ನನ್ನ ಹೊಟ್ಟೆ ನೋಡಿ, ನಿಟ್ಟುಸಿರು ಬಿಡುತ್ತಾರೆ. ಕೊನೆಯ ಸ್ಥಾನದಲ್ಲಿ ಯಾರಿದ್ದರು ಎಂದು ನೀವು ಕೇಳಬಾರದು, ನಾನು ಹೇಳಬಾರದು.

ನಾನು ಟ್ರೆಡ್‌ಮಿಲ್ ಹತ್ತಿದೆ. ಅದು ನನ್ನನ್ನು ಹಿಂದಕ್ಕೆ ಎಸೆಯಿತು. ಡಂಬೆಲ್ ಎತ್ತಿದೆ. ಅದು ಮೇಲೆ ಬರಲಿಲ್ಲ, ನಾನೇ ಕೆಳಗೆ ಹೋದೆ. ಸೋತು ಸುಣ್ಣವಾಗಿ ಮನೆಗೆ ಬಂದರೆ ರೂಪ ಕೈಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು.

“ರೀ, ನೀರಿನ ಕ್ಯಾನ್ ಎತ್ತೋವಾಗ ಕೈ ಉಳುಕ್ತು. ಎಸರಿಗೆ ಹಿಟ್ಟು ಹಾಕಿ ಬೇಯಿಸಿದೀನಿ. ಮುದ್ದೆ ಒಂದು ತೊಳಸಿಕೊಡಿ.”

“ನಾನಾ?”

“ಅಲ್ಲ, ಅಂಬರೀಶನ್ನ ಕರೀಲಾ?”

ಆ ಹೆಸರು ಕೇಳಿದ್ದೇ ತಡ, ನೆಲದ ಮೇಲೆ ಕುಕ್ಕರಿಸಿ, ಪಾತ್ರೆಯನ್ನು ಪಾದಗಳ ಮಧ್ಯೆ ಬಟ್ಟೆ ಇಟ್ಟು ಒತ್ತಿ ಹಿಡಿದು, ಮುದ್ದೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತೊಳಸಿದೆ ನೋಡಿ! ರಾಗಿ ಹಿಟ್ಟಿನ ಹಟ ರಾಗಿ ಹಿಟ್ಟಿಗೇ ಗೊತ್ತು. ಹಣೆ ಬೆವರಿತು, ಬೆನ್ನು ಬೆವರಿತು, ಹೊಟ್ಟೆ ಕುಣಿಯಿತು. ಮುದ್ದೆಯಲ್ಲಿ ಗಂಟೋ ಗಂಟು. ಅಷ್ಟರಲ್ಲಿ ಕೈಯ ಪಟ್ಟಿ ಗುರ್ರ್ ಎಂದಿತು. ಮೊಬೈಲು ಶುದ್ಧ ಕನ್ನಡದಲ್ಲಿ ಉಲಿಯಿತು:

“ಅಭಿನಂದನೆಗಳು! ನೀವು ಅತ್ಯುತ್ತಮವಾಗಿ ದೋಣಿ ನಡೆಸಿದ್ದೀರಿ!”

ನಾನೂ ರೂಪಳೂ ಮುಖ ಮುಖ ನೋಡಿಕೊಂಡೆವು. ನಮ್ಮ ಮಗಳು ಹರಿಣಿ ಓಡಿಬಂದು ನೋಡಿದಳು.

“ಅಪ್ಪಾ! ನೀನು ಹನ್ನೊಂದು ಜನರನ್ನ ಹಿಂದೆ ಹಾಕಿದೀಯ!”

ದೋಣಿ! ಕುಡಿಯುವ ನೀರಿಗೇ ಪಾತಾಳದವರೆಗೆ ಬೋರು ಕೊರೆಯುವ ನಮ್ಮ ಜಿಲ್ಲೆಯಲ್ಲಿ ದೋಣಿ! ನಾನು ಹೇಳಲಿಲ್ಲ, ಯಂತ್ರ ಹೇಳಿತು. ಯಂತ್ರದ ಮಾತಿಗೆ ಎದುರಾಡುವವನು ನಾನಲ್ಲ.

ಮರುದಿನದಿಂದ ನಮ್ಮ ಮನೆಯಲ್ಲಿ ಮುದ್ದೆಪರ್ವ ಶುರುವಾಯಿತು. ಬೆಳಿಗ್ಗೆ ಮುದ್ದೆ, ಮಧ್ಯಾಹ್ನ ಮುದ್ದೆ, ರಾತ್ರಿ ಮುದ್ದೆ. ಸಣ್ಣ ಪಾತ್ರೆ ಹೋಗಿ ದೊಡ್ಡ ಪಾತ್ರೆ ಬಂತು. ಬಸ್ಸಾರು, ಹುರುಳಿ ಸಾರು, ಅವರೆಕಾಳು ಸಾರು ಎಲ್ಲ ಒಂದು ಸುತ್ತು ಮುಗಿದವು. ಹರಿಣಿ ಸ್ಕೂಲಿನಿಂದ ಅಳುತ್ತಾ ಬಂದಳು.

“ಎಲ್ಲರೂ ಟಿಫನ್ ಬಾಕ್ಸ್ ಅದಲು ಬದಲು ಮಾಡ್ಕೋತಾರೆ. ನನ್ನ ಹತ್ರ ಮಾತ್ರ ಯಾರೂ ಬರಲ್ಲ!”

ಮಿಕ್ಕಿದ್ದನ್ನು ಅಕ್ಕಪಕ್ಕದವರಿಗೆ ಹಂಚಿದೆವು. ಮೊದಲ ವಾರ ಹರಸಿದರು, ಎರಡನೇ ವಾರ ನನ್ನನ್ನು ಕಂಡೊಡನೆ ಬಾಗಿಲು ಹಾಕಿಕೊಂಡರು. ಆಗ ಉಳಿದದ್ದನ್ನೆಲ್ಲ ನಾನೇ ನುಂಗಿದೆ. ವ್ಯಾಯಾಮದ ಫಲವಾಗಿ ನನ್ನ ಪ್ಯಾಂಟಿನ ಗುಂಡಿ ಹಾರಿ ಜೆರಾಕ್ಸ್ ಮೆಷಿನ್ನಿನೊಳಗೆ ಬಿತ್ತು.

ಆದರೆ ಟೀವಿಯಲ್ಲಿ ನನ್ನ ಹೆಸರು? ಭಾನುಪ್ರಕಾಶ್, ದೋಣಿ, ಎರಡನೇ ಸ್ಥಾನ! ಜನ ಜೆರಾಕ್ಸಿಗೆ ಬಂದು ನನ್ನ ತೋಳು ನೋಡಿ ಹೋಗತೊಡಗಿದರು. ನಯೀಮನಂತೂ ಮೆಟ್ಟಿಲಿಳಿದು ಬಂದು ಕೈ ಕುಲುಕಿದ.

“ಮಾಶಾ ಅಲ್ಲಾ, ಸಾರ್! ಯಾವ ಕೆರೇಲಿ ಪ್ರಾಕ್ಟೀಸು? ಆ್ಯಪು ನಿಮ್ಮ ಮನೇನೇ ತೋರಿಸ್ತದೆ!”

“ಸಂಪು ದೊಡ್ಡದಿದೆ ನಯೀಮ್” ಎಂದುಬಿಟ್ಟೆ. ಆ ಭೋಳೆಶಂಕರ ನಂಬಿಬಿಟ್ಟ!

ತಿಂಗಳ ಕೊನೆಯ ದಿನ, ಭಾನುವಾರ, ಬಂತು. ಅಂಬರೀಶ ಬೆಳಿಗ್ಗೆ ಬೆಳಿಗ್ಗೆಯೇ ಕಳವಾರದಿಂದ ಸ್ಕಂದಗಿರಿ ಹತ್ತಿ, ಇಳಿದು, ಮತ್ತೆ ಹತ್ತಿ ನನ್ನನ್ನು ಮೈಲಿಗಟ್ಟಲೆ ಹಿಂದೆ ಹಾಕಿದ್ದ. ಮನೆಯ ಪಾತ್ರೆಯಲ್ಲಿ ಎಷ್ಟು ತೊಳಸಿದರೂ ಆ ಅಂತರ ಮುಚ್ಚುವಂತಿರಲಿಲ್ಲ. ಒಂದು ವರ್ಷ ಅಡುಗೆಮನೆ! ಇನ್ನೊಂದು ವರ್ಷ ಮಾವನವರ ನಿಟ್ಟುಸಿರು!

ಆದರೆ ದೇವರು ದೊಡ್ಡವನು. ಆವತ್ತೇ ಮೇಲೂರಿನಲ್ಲಿ ರೂಪಳ ಚಿಕ್ಕಪ್ಪನ ಮಗಳ ಮದುವೆಯ ಬೀಗರೂಟ! ಊರಿಗೆ ಊರೇ ಮಟನ್ ಸಾರಿಗೆ ಕೂರುವ ದಿನ. ಅಂದರೆ ಮುದ್ದೆ! ಹಂಡೆಗಟ್ಟಲೆ ಮುದ್ದೆ! ನಾನು ಶರಟು ಕಳಚಿ, ಲುಂಗಿ ಎತ್ತಿ ಕಟ್ಟಿ, ತಲೆಗೆ ಟವಲು ಸುತ್ತಿ ಅಡುಗೆಯ ಕೊಂಡಪ್ಪನ ಮುಂದೆ ನಿಂತೆ.

“ಕೋಲು ಕೊಡು ಕೊಂಡಪ್ಪ.”

“ಅಯ್ಯೋ, ಅಳಿಯಂದಿರು ನೀವು! ಹೋಗಿ ಎಲೆ ಮುಂದೆ ಕೂತ್ಕೊಳ್ಳಿ ಸಾಮಿ!”

“ಇದು ನನ್ನ ಜೀವನ್ಮರಣದ ಪ್ರಶ್ನೆ ಕಣಪ್ಪ!”

ಕೊಂಡಪ್ಪ ಹೆದರಿ ಕೋಲು ಕೊಟ್ಟ. ಕೋಲೇನು, ನನ್ನೆತ್ತರದ ದೊಣ್ಣೆ! ಹಂಡೆಯ ಕಂಠಕ್ಕೆ ಇಬ್ಬರು ಕವೆಗೋಲು ಒತ್ತಿ ಹಿಡಿದರು. ನಾನು ತೊಳಸಿದೆ. ಒಂದು ಹಂಡೆ ಇಳಿಯಿತು, ಇನ್ನೊಂದು ಏರಿತು. ಪಟ್ಟಿ ಗುರ್ರ್ ಗುರ್ರ್ ಎನ್ನುತ್ತಲೇ ಇತ್ತು. ಮೊಬೈಲು ಹುಚ್ಚೆದ್ದು ಕೂಗಿತು: “ಅದ್ಭುತ! ಅಲೆಗಳಿಗೆ ಅಂಜಬೇಡಿ!” ಕೊಂಡಪ್ಪ ಎರಡು ಹೆಜ್ಜೆ ಹಿಂದೆ ಸರಿದ.

ಅತ್ತ ಶಿಡ್ಲಘಟ್ಟದ ಟೀವಿಯಲ್ಲಿ ಕೋಲಾಹಲ! ಭಾನುಪ್ರಕಾಶ್ ಮೇಲೂರಿನಲ್ಲಿ ಬಿರುಗಾಳಿಯಂತೆ ದೋಣಿ ನಡೆಸುತ್ತಿದ್ದಾನೆ, ಮೊದಲ ಸ್ಥಾನಕ್ಕೇರಿದ್ದಾನೆ! ಬೀಗರೂಟಕ್ಕೆ ಹೊರಟಿದ್ದ ಅಂಬರೀಶ, ನಯೀಮನನ್ನೂ ಜಿಮ್ಮಿನ ಹುಡುಗರನ್ನೂ ಜೀಪಿಗೆ ತುಂಬಿಕೊಂಡು ಬಂದೇಬಿಟ್ಟ. ಬಂದವನೇ ಮಾವನವರನ್ನು ಕೇಳಿದ.

“ಮಾವ, ಇಲ್ಲಿ ದೋಣಿ ಬಿಡೋ ಜಾಗ ಎಲ್ಲಿ?”

“ದೋಣಿನಾ? ನಾನು ಹುಟ್ಟಿದಾಗಿಂದ ಇತ್ಲಾಗೆ ದೋಣಿ ಅನ್ನೋದೇ ನೋಡಿಲ್ಲ ಕಣಪ್ಪ. ಬಿಸಿಲಲ್ಲಿ ಬೆಟ್ಟ ಗಿಟ್ಟ ಹತ್ತಿದ್ಯಾ ಹೆಂಗೆ?”

ಸರಿಯಾಗಿ ಅದೇ ಹೊತ್ತಿಗೆ ಶಾಮಿಯಾನದ ಹಿಂದಿನಿಂದ ನನ್ನ ಮೊಬೈಲು ಗಂಟಲು ಹರಿಯುವಂತೆ ಕೂಗಿತು: “ದಡ ಇನ್ನು ದೂರವಿಲ್ಲ!”

ಎಲ್ಲರೂ ಪರದೆ ಸರಿಸಿದರು. ಹೊಗೆಯ ಮಧ್ಯೆ ನಾನು. ಮೈಯೆಲ್ಲ ಬೆವರು, ಮೂಗಿನ ತುದಿಗೆ ರಾಗಿ ಹಿಟ್ಟು, ಕೈಯಲ್ಲಿ ಕೋಲು. ಅಂಬರೀಶ ಟಕ್ಕನೆ ಫೋಟೋ ತೆಗೆದ.

“ಇದಾ ಅಣ್ಣಾ ನಿನ್ನ ದೋಣಿ? ಮೋಸ! ನಯೀಮ್, ಇವರ ಹೆಸರು ಕಿತ್ತಾಕಪ್ಪ!”

ನನಗೆ ನಾಚಿಕೆಯಾಯಿತು, ಸುಳ್ಳೇಕೆ? ಹಂಡೆಯೊಳಗೆ ಜಾಗವಿದ್ದಿದ್ದರೆ ಇಳಿದುಬಿಡುತ್ತಿದ್ದೆ. ನಯೀಮ ಹಂಡೆಯ ಹತ್ತಿರ ಬಂದ. ಕೋಲು ಇಸಿದುಕೊಂಡು ತಾನೇ ತೊಳಸಿ ನೋಡಿದ. ಒಂದು ಸುತ್ತು, ಎರಡು ಸುತ್ತು, ಮೂರನೆಯ ಸುತ್ತಿಗೆ ಕೋಲೂ ನಿಂತಿತು, ನಯೀಮನೂ ನಿಂತ.

“ಅರೆ ಬಾಪ್‌ರೇ! ಬೆವರು ಬೆವರೇ ಅಂಬರೀಶ್ ಭಾಯ್. ಮೊದಲನೇ ಪ್ರೈಜು ಭಾನು ಸಾರ್‌ಗೇನೇ!”

ಚಪ್ಪಾಳೆ! ಮಾವನವರು ಬಂದು, ಮೊಟ್ಟಮೊದಲ ಬಾರಿಗೆ, ನನ್ನ ತೋಳು ಮುಟ್ಟಿ ನೋಡಿದರು. “ಪರವಾಗಿಲ್ಲ ಅಳಿಯಂದ್ರೇ, ಒಂದೂ ಗಂಟಿಲ್ಲ” ಎಂದರು. ತೋಳಿಗೆ ಹೇಳಿದರೋ ಮುದ್ದೆಗೆ ಹೇಳಿದರೋ, ನನಗಂತೂ ಕಣ್ಣಲ್ಲಿ ನೀರು ಬಂತು. ಎದೆಯುಬ್ಬಿಸಿ ರೂಪಳ ಕಡೆ ತಿರುಗಿದೆ.

“ಗೆದ್ದೆ ಕಣೇ! ಇನ್ನು ನಾನು ಅಡುಗೆಮನೆಗೆ ಕಾಲಿಡಲ್ಲ!”

“ಇಡಬೇಡಿ, ಯಾರು ಬಲವಂತ ಮಾಡಿದ್ರು?” ಎಂದಳು ರೂಪ ತಣ್ಣಗೆ. “ನಯೀಮಣ್ಣ, ಇವರು ನಾಳೆಯಿಂದ ಮುದ್ದೆ ತೊಳಸಲ್ವಂತೆ. ಫ್ಲೆಕ್ಸು ಯಾರದಾಗುತ್ತೆ?”

“ರೂಲ್ಸು ರೂಲ್ಸೇ ಅಕ್ಕಾ. ಒಂದು ದಿನ ತಪ್ಪಿದ್ರೂ ಅಂಬರೀಶ್ ಭಾಯ್‌ದೇ.”

ಅಂಬರೀಶ ಮೀಸೆಯಲ್ಲೇ ನಕ್ಕ. ಅಷ್ಟರಲ್ಲಿ ರೂಪ ಬಗ್ಗಿ, ಉಳುಕಿದ ಕೈಯಲ್ಲೇ ತುಂಬಿದ ಸಾರಿನ ಬಕೆಟ್ಟನ್ನು ಹೂವಿನಂತೆ ಎತ್ತಿದಳು.

“ನಿನ್ನ ಕೈ?!”

“ಅದಾ? ಮಾರನೇ ದಿನಾನೇ ವಾಸಿಯಾಯ್ತು. ನಡೀತಿರೋ ದೋಣಿ ಯಾಕೆ ಮುಳುಗಿಸ್ಲಿ ಅಂತ ಸುಮ್ನಿದ್ದೆ.”

ಈಗ ಜಿಮ್ಮಿನ ಮುಂದೆ ನನ್ನ ಫ್ಲೆಕ್ಸಿದೆ. ಅಂಬರೀಶ ತೆಗೆದ ಅದೇ ಫೋಟೋ. ಫ್ಲೆಕ್ಸಿನ ಹುಡುಗ ಹಿಂದೆ ಒಂದು ನೀಲಿ ಸಮುದ್ರ ಸೇರಿಸಿದ್ದಾನೆ. ಲುಂಗಿ ಮೇಲೆತ್ತಿ, ಟವಲು ಸುತ್ತಿ, ಕೋಲು ಹಿಡಿದು ನಾನು ಸಾಗರದ ಮೇಲೆ ನಿಂತಿದ್ದೇನೆ. ದಾರಿಯಲ್ಲಿ ಹೋಗುವವರು ನಿಂತು ನೋಡಿ, ಸೀದಾ ನನ್ನ ಅಂಗಡಿಗೆ ಬಂದು, “ಸಾರ್, ಮುದ್ದೆ ಆರ್ಡರ್ ತಗೋತೀರಾ?” ಎನ್ನುತ್ತಾರೆ. ಷಡ್ಡಕ ದಿನವೂ ಬೆಟ್ಟ ಹತ್ತಿ ಕಾಯುತ್ತಿದ್ದಾನೆ. ನಾನು ಒಂದೇ ಒಂದು ದಿನ ತಪ್ಪಬೇಕಷ್ಟೆ!

ಇನ್ನೂ ಬರೆಯಬೇಕೆಂದಿತ್ತು. ಕೈಯ ಪಟ್ಟಿ ಗುರ್ರೆನ್ನುತ್ತಿದೆ, ಅಡುಗೆಮನೆಯಿಂದ ಕರೆಯೂ ಬಂತು:

“ರೀ, ಎಸರು ಕುದೀತಾ ಇದೆ! ದೋಣಿ ಇಳಿಸಿ!”