ಎರಡು ಗಂಟೆಯ ಜಗಳ

ಕಾನೂನು ಕಾಲೇಜಿನ ಕೊನೆಯ ವರ್ಷದ ಆ ಹುಡುಗನಿಗೆ ತುರ್ತಾಗಿ ಒಂದು ಜಗಳ ಬೇಕಾಗಿತ್ತು. ದೊಡ್ಡದೇನಲ್ಲ, ಎರಡು ಗಂಟೆ ಬಾಳಿಕೆ ಬಂದರೆ ಸಾಕಿತ್ತು.

ನಲವತ್ತು ಗಂಟೆ ಸಮಾಜಸೇವೆ ಮಾಡದವರನ್ನು ಅವನ ಕಾಲೇಜು ಪರೀಕ್ಷೆಗೆ ಕೂರಿಸುವುದಿಲ್ಲ. ಅವನು ಮೂವತ್ತೆಂಟು ಮುಗಿಸಿದ್ದ. ಬಡಾವಣೆಯ ಗ್ರಂಥಾಲಯದ ಮೂಲೆಯಲ್ಲಿ ‘ಉಚಿತ ಕಾನೂನು ಸಲಹೆ’ ಅಂತ ಬೋರ್ಡು ಇಟ್ಟುಕೊಂಡು ಸುಮ್ಮನೆ ಕೂತರೆ ಲೆಕ್ಕಕ್ಕಿಲ್ಲ. ಯಾರಾದರೂ ತಕರಾರು ತರಬೇಕು, ಇವನು ಬಗೆಹರಿಸಬೇಕು, ಅವರು ಫಾರ್ಮಿಗೆ ಸಹಿ ಹಾಕಬೇಕು. ಇವತ್ತೇ ಕೊನೆಯ ದಿನ. ಸಂಜೆ ಐದಕ್ಕೆ ಕಾಲೇಜಿನ ಮೇಡಂ ಬಂದು ಫಾರ್ಮು ನೋಡುತ್ತಾರೆ. ತಪ್ಪಿದರೆ ಮುಂದಿನ ಪರೀಕ್ಷೆ ಆರು ತಿಂಗಳ ಮೇಲೆ.

ಬೆಳಗ್ಗೆಯಿಂದ ಬಂದವರು ಮೂವರು. ಒಬ್ಬರು ಪೆನ್ನು ಕೇಳಿದರು. ಇನ್ನೊಬ್ಬರು ಅವನ ಬೋರ್ಡಿನಿಂದಲೇ ಗಾಳಿ ಹಾಕಿಕೊಳ್ಳುತ್ತ ಪೇಪರು ಓದಿದರು. ಮೂರನೆಯವರು ತಮ್ಮನ ಮೇಲೆ ಕೇಸು ಹಾಕಬೇಕೆಂದಾಗ ಹುಡುಗನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಷ್ಟರಲ್ಲಿ ಪುಸ್ತಕ ಕೊಡುವ ಲೈಬ್ರರಿಯಮ್ಮ ಬಾಯಿ ಹಾಕಿದರು.

“ಒಡಹುಟ್ಟಿದವನ ಮೇಲೆ ಕೇಸಾ? ಮೊದ್ಲು ಒಂದು ಫೋನ್ ಮಾಡಿ ಮಾತಾಡಿ ಅಣ್ಣಾ.”

ಅವರು ಫೋನ್ ಮಾಡಿದರು, ಗಳಗಳ ಅತ್ತರು, ತಮ್ಮನ ಮನೆಗೆ ಊಟಕ್ಕೆ ಹೊರಟೇಹೋದರು.

“ಆಂಟಿ, ಅದು ನನ್ನ ಕೇಸು!” ಹುಡುಗ ತಲೆ ಮೇಲೆ ಕೈ ಹೊತ್ತು ಕೂತ.

“ಅಯ್ಯೋ, ಗೊತ್ತಾಗ್ಲಿಲ್ಲ ಕಣಪ್ಪ. ಎದುರುಗಡೆ ಟೈಲರನ್ನ ಕೇಳು. ಅಂಗಡಿ ಮೇಲೆ ಟೀಚರಮ್ಮನ ಮನೆ. ಅವರು ಗಿಡಕ್ಕೆ ಹಾಕಿದ ನೀರು ಇವರ ಬಟ್ಟೆ ಮೇಲೆ ಸೋರತ್ತೆ. ಬೇರೆಯವರಾಗಿದ್ರೆ ಇಷ್ಟೊತ್ತಿಗೆ ಕೋರ್ಟು ಹತ್ತಿರೋರು.”

ಹುಡುಗ ರಸ್ತೆ ದಾಟಿ ಓಡಿದ. ಕೊರಳಿಗೆ ಟೇಪು ಹಾಕಿಕೊಂಡಿದ್ದ ಟೈಲರ್ ಎಲ್ಲ ಕೇಳಿ ಹೊಲಿಗೆ ಮೆಷಿನ್ನು ನಿಲ್ಲಿಸಿದರು.

“ಹದಿನೆಂಟು ವರ್ಷದಿಂದ ನಾವು ಒಂದಿನ ದನಿ ಏರಿಸಿದ್ದಿಲ್ಲವಲ್ಲಪ್ಪ.”

“ಸುಮ್ನೆ ಆಟಕ್ಕೆ, ಅಂಕಲ್. ಎರಡೇ ಗಂಟೆ. ನಿಮ್ಮ ಕಾಲಿಗೆ ಬೀಳ್ತೀನಿ.”

ಬಾಲ್ಕನಿಯಲ್ಲಿ ನಿಂತು ಕೇಳಿಸಿಕೊಂಡಿದ್ದ ನಿವೃತ್ತ ಟೀಚರಮ್ಮನಿಗೆ ಕರುಳು ಚುರ್ ಎಂದಿತು. “ಮಗುವಿನ ಪರೀಕ್ಷೆ ಹಾಳಾಗೋದು ಬೇಡ. ತಡೀರಿ ಟೈಲರೇ, ಬಂದೆ, ಜಗಳ ಆಡೋಣ,” ಎಂದು ಚಪ್ಪಲಿ ಮೆಟ್ಟಿ ಇಳಿದು ಬಂದರು.

ಗ್ರಂಥಾಲಯದ ಮೇಜಿನ ಆಚೀಚೆ ಇಬ್ಬರೂ ಕೂತರು. ಜಗಳ ನಗುನಗುತ್ತಲೇ ಶುರುವಾಯಿತು.

“ನಿಮ್ಮ ನೀರು ನನ್ನ ಬಟ್ಟೆ ಮೇಲೆ ಸೋರತ್ತೆ,” ಎಂದರು ಟೈಲರ್, ಪಾಠ ಒಪ್ಪಿಸುವಂತೆ.

“ಸೋರಲಿ ಬಿಡಿ,” ಎಂದು ಟೀಚರಮ್ಮ ಬಾಯಿಗೆ ಸೆರಗು ಹಿಡಿದು ನಕ್ಕರು. “ನೀವು ಹೊಲಿಯೋದಕ್ಕಿಂತ ಒದ್ದೆಯಾಗಿರೋದೇ ವಾಸಿ.”

ಟೈಲರ್ ನಗು ಅಲ್ಲಿಗೆ ನಿಂತಿತು. “ಅಂದ್ರೆ?”

“ನಾನು ನಿವೃತ್ತಿ ಆದ ದಿನದ ಕೋಟು ಮರೆತುಹೋಯ್ತಾ? ಒಂದು ತೋಳು ಉದ್ದ, ಒಂದು ಗಿಡ್ಡ. ಎಲ್ಲಾ ಫೋಟೋದಲ್ಲೂ ಕೈ ಬೆನ್ನ ಹಿಂದೆ ಇಟ್ಕೊಂಡು ನಿಂತಿದ್ದೀನಿ!”

“ನಿಮ್ಮ ಕೈಯೇ ಹಾಗಿದ್ರೆ ನಾನೇನ್ ಮಾಡ್ಲಿ? ನನ್ನ ಮಗಳನ್ನ ಗಣಿತದಲ್ಲಿ ಒಂದೇ ಒಂದು ಅಂಕಕ್ಕೆ ಫೇಲ್ ಮಾಡಿದ್ರಲ್ಲ, ಆಗ ನಾನು ತುಟಿ ಬಿಚ್ಚಿದ್ನಾ?”

ಹದಿನೆಂಟು ವರ್ಷದ ಬಾಕಿಯೆಲ್ಲ ಹೊರಗೆ ಬಂತು. ಓದುಗರು ಪುಸ್ತಕ ಮುಚ್ಚಿಟ್ಟು ಕುರ್ಚಿ ಹತ್ತಿರ ಎಳೆದುಕೊಂಡರು. ಕೋಟಿನ ಕಡೆ ನಾಲ್ವರು, ಅಂಕದ ಕಡೆ ಐವರು. ‘ಮೌನವಾಗಿರಿ’ ಎಂಬ ಫಲಕದ ಕೆಳಗೆ ನಿಂತು ಲೈಬ್ರರಿಯಮ್ಮನೂ ಕೂಗಾಡುತ್ತಿದ್ದರು.

ಹುಡುಗ ಹೆದರಿ ಬೆವರಿದ. ಆದರೆ ಬೇರೆ ದಾರಿ ಇರಲಿಲ್ಲ. ಒಬ್ಬರ ಮಾತು ಮುಗಿಯುವವರೆಗೆ ಇನ್ನೊಬ್ಬರು ಬಾಯಿ ತೆರೆಯಬಾರದೆಂದು ನಿಯಮ ಮಾಡಿದ. ನೀರು ತಂದುಕೊಟ್ಟ. ಕೋಟು ತರಿಸಿ ತೋಳು ಅಳೆಸಿದ, ಎರಡು ಬೆರಳು ವ್ಯತ್ಯಾಸ ಇತ್ತು. ಟೈಲರ್ ಪೆಚ್ಚಾದರು. ಟೈಲರ ಮಗಳ ವಿಷಯ ಬಂದಾಗ ಟೀಚರಮ್ಮ ತಾವೇ ಒಪ್ಪಿಕೊಂಡರು. “ಆ ಒಂದು ಅಂಕ ಕೊಡಬಹುದಿತ್ತು. ಇವತ್ತಿಗೂ ನೆನಪಾಗತ್ತೆ.”

ಮೂರು ಗಂಟೆ ಹಿಡಿಯಿತು. ಟೈಲರ್ ತೋಳು ಸರಿಮಾಡಿಕೊಡುವುದು, ಟೀಚರಮ್ಮ ಕುಂಡಗಳ ಕೆಳಗೆ ತಟ್ಟೆ ಇಡುವುದು, ಟೈಲರ ಮೊಮ್ಮಗಳಿಗೆ ಗಣಿತ ಹೇಳಿಕೊಡುವುದು ಎಂದು ತೀರ್ಮಾನವಾಯಿತು. ಹುಡುಗನಿಗೆ ನಿಜಕ್ಕೂ ಮನಸ್ಸು ತುಂಬಿ ಬಂತು. ಪುಸ್ತಕದಲ್ಲಿ ಓದಿದ ಕಾನೂನು ಮನುಷ್ಯರಿಗೆ ಕೆಲಸಕ್ಕೆ ಬಂದದ್ದನ್ನು ಅವನು ಕಂಡದ್ದು ಇದೇ ಮೊದಲು.

ಫಾರ್ಮಿನಲ್ಲಿ ಒಂದೇ ಸಾಲು ಉಳಿದಿತ್ತು: ‘ಜಗಳಕ್ಕೆ ಕಾರಣರಾದವರು.’

“ನಾನಲ್ಲ, ಕೋಟಿನ ಮಾತು ತೆಗೆದದ್ದು ಅವರು,” ಎಂದರು ಟೈಲರ್.

“ಬಟ್ಟೆ ಮಾತು ಶುರು ಮಾಡಿದ್ದು ಯಾರು? ನನ್ನ ಹೆಸರು ಬರೆದ್ರೆ ಸಹಿ ಹಾಕೋದಿಲ್ಲ,” ಎಂದು ಟೀಚರಮ್ಮ ಪೆನ್ನು ಕೆಳಗಿಟ್ಟರು.

ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ಆಮೇಲೆ ಇಬ್ಬರೂ ಹುಡುಗನನ್ನು ನೋಡಿದರು. ಅವತ್ತು ಯಾರೂ ರಾಜಿ ಮಾಡಿಸದೆ ಅವರಿಬ್ಬರೂ ಏಕಾಭಿಪ್ರಾಯಕ್ಕೆ ಬಂದದ್ದು ಆಗಲೇ.

“ಬರಿಯಪ್ಪ, ನಿನ್ನ ಹೆಸರೇ ಬರಿ.”

ಹುಡುಗ ಹಿಂದೆಮುಂದೆ ನೋಡದೆ ದುಂಡಗೆ ತನ್ನ ಹೆಸರು ಬರೆದ. ಇಬ್ಬರೂ ಸಹಿ ಹಾಕಿದರು. ಲೈಬ್ರರಿಯಮ್ಮ ಸಾಕ್ಷಿ ಹಾಕಿದರು.

ಐದಕ್ಕೆ ಸರಿಯಾಗಿ ಮೇಡಂ ಬಂದರು, ಜೊತೆಗೆ ಅವನ ಸಹಪಾಠಿ ಹುಡುಗಿ. ಮೇಡಂ ಫಾರ್ಮು ಓದಿ ಕನ್ನಡಕ ಸರಿಮಾಡಿಕೊಂಡರು. “ಭೇಷ್! ಇಷ್ಟು ಚೆನ್ನಾಗಿ ರಾಜಿ ಮಾಡಿಸಿದವರನ್ನ ನಾನು ನೋಡಿಲ್ಲ.”

ಹುಡುಗನಿಗೆ ಹೋದ ಜೀವ ಬಂದಂತಾಯಿತು.

“ಆದ್ರೆ ಕಾರಣನಾದವನು ನೀನೇ ಅಂತ ಬರ್ದಿದ್ದೀಯ. ಜಗಳ ಹುಟ್ಟಿಸಿದವನೇ ರಾಜಿ ಮಾಡೋ ಹಾಗಿಲ್ಲ, ಮೊದಲ ವರ್ಷದ ಪಾಠ ಇದು. ನೀನೀಗ ಎದುರು ಪಾರ್ಟಿ. ಈ ಗಂಟೆಗಳು ಲೆಕ್ಕಕ್ಕೆ ಬರಲ್ಲ.” ಆಮೇಲೆ ಪಕ್ಕಕ್ಕೆ ತಿರುಗಿದರು. “ನಿಂಗೂ ಎರಡು ಗಂಟೆ ಕಮ್ಮಿ ಇದೆ ಅಂದ್ಯಲ್ಲಮ್ಮ? ಕೂತ್ಕೋ. ಇವರ ಇಡೀ ದಿನ ಹಾಳು ಮಾಡಿದವನ ಮೇಲೆ ಇವರಿಬ್ಬರ ತಕರಾರು ತಗೋ. ಏಳರ ತನಕ ನಾನಿರ್ತೀನಿ.”

ಹುಡುಗಿ ಅವನ ಕುರ್ಚಿಯಲ್ಲೇ ಕೂತು ಹೊಸ ಫಾರ್ಮು ತೆಗೆದಳು. ಅವನು ಎದುರಿನ ಸ್ಟೂಲಿಗೆ ಜಾರಿದ. ಅವಳು ಜಾಣೆ, ಎರಡೇ ಗಂಟೆಯಲ್ಲಿ ಮುಗಿಸಿದಳು. ತೀರ್ಮಾನವನ್ನು ಸೂಚಿಸಿದವರು ಟೀಚರಮ್ಮ, ಅದೂ ಬಹಳ ಅಕ್ಕರೆಯಿಂದ:

“ಪ್ರತಿ ಭಾನುವಾರ ಇಲ್ಲೇ ಬಂದು ಸಲಹೆ ಕೊಡ್ತಾ ಕೂರ್ಲಿ, ಒಳ್ಳೇ ಹುಡುಗ. ಹೇಗೂ ಇನ್ನು ಆರು ತಿಂಗಳು ಪರೀಕ್ಷೆ ಇಲ್ವಲ್ಲ.”

ಹುಡುಗ ಸಹಿ ಹಾಕಿದ.